ಹಿಡಿಕಾಳಿನ ಚೀಲ

ಸಲೋಮಿ ಅಕ್ಕೋರಿಗೆ ಮನುಷ್ಯರೆಂದರೆ ಹೇಸಿಗೆ. ಅದನ್ನವರು ಎಂದೂ ಮುಚ್ಚಿಟ್ಟವರಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ಮದುವೆಯ ಉಸಾಬರಿಗೆ ಹೋಗದೆ, ನಿವೃತ್ತರಾದ ಮೇಲೂ ಚರ್ಚಿನಲ್ಲಿ ಭಾನುವಾರದ ಮಕ್ಕಳ ಶಾಲೆ ನಡೆಸುತ್ತ ಅವರು ಕಂಡುಕೊಂಡ ಸತ್ಯ ಒಂದೇ: ಮನುಷ್ಯ ಹುಟ್ಟುವಾಗಲೇ ಕೆಟ್ಟು ಹುಟ್ಟುತ್ತಾನೆ. ಬೇರೆಯವರು ಈ ಮಾತನ್ನು ಪ್ರಾರ್ಥನೆಯಲ್ಲಿ ದನಿ ತಗ್ಗಿಸಿ ಹೇಳುತ್ತಿದ್ದರು. ಅಕ್ಕೋರು ಮಾತ್ರ ‘ನಾನು ಮೊದಲೇ ಹೇಳಿರಲಿಲ್ಲವೇ’ ಎಂಬ ಧಾಟಿಯಲ್ಲಿ ಹೇಳುತ್ತಿದ್ದರು.

ಈ ಹೇಸಿಗೆಗೆ ತಿಂಗಳಿಗೊಮ್ಮೆ ಮೇವು ಹಾಕುತ್ತಿದ್ದುದು ಹಿಡಿಕಾಳು. ಮುತ್ತಜ್ಜರ ಕಾಲದಿಂದ ಆ ಚರ್ಚಿನ ಸಭೆಯಲ್ಲಿ ನಡೆದು ಬಂದ ಪದ್ಧತಿ ಅದು. ಪ್ರತಿ ಮನೆಯ ಅಡುಗೆಕೋಣೆಯಲ್ಲಿ ಒಂದು ಬಟ್ಟೆಯ ಚೀಲ ಮೊಳೆಗೆ ತೂಗುಬಿದ್ದಿರುತ್ತದೆ. ಅಡುಗೆಗೆ ಕೈಹಚ್ಚುವ ಮೊದಲು ಮನೆಯಾಕೆ ಒಂದು ಹಿಡಿ ಜೋಳ ಅದಕ್ಕೆ ಹಾಕಬೇಕು. ತಿಂಗಳ ಮೊದಲ ಭಾನುವಾರ ಪ್ರಭುಭೋಜನದ ಮೇಜಿನ ಮುಂದೆ ದೊಡ್ಡ ಗೋಣಿಚೀಲ ನಿಲ್ಲಿಸಿ ಅದರ ಬಾಯಿಗೆ ಬಿಳಿ ಬಟ್ಟೆ ಹೊದಿಸುತ್ತಾರೆ. ಹೆಂಗಸರು ಸಾಲಾಗಿ ಬಂದು, ಬಟ್ಟೆಯ ಅಡಿಯಲ್ಲಿ ಕೈ ತೂರಿಸಿ, ತಮ್ಮ ತಮ್ಮ ಚೀಲ ಸುರುವಿ ಹೋಗಬೇಕು. ಯಾರು ಎಷ್ಟು ಕೊಟ್ಟರು, ಎಂಥದ್ದು ಕೊಟ್ಟರು ಎಂಬುದು ದೇವರಿಗೆ ಮಾತ್ರ ಗೊತ್ತಿರಬೇಕೆಂಬುದು ಹಿರಿಯರ ಉದ್ದೇಶ. ಸೋಮವಾರ ಆ ಗೋಣಿಚೀಲ ಬೈರಿದೇವರಕೊಪ್ಪದಲ್ಲಿ ಸಭೆಯವರೇ ನಡೆಸುವ ಮುದುಕಿಯರ ಆಶ್ರಮಕ್ಕೆ ಹೋಗುತ್ತದೆ. ಅಲ್ಲಿ ಹನ್ನೊಂದು ಮುದುಕಿಯರಿದ್ದರು. ಯಾವ ಜಾತಿ, ಯಾವ ಧರ್ಮ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ದೇವರಿಗೆ ಗೊತ್ತಿದ್ದುದರಲ್ಲಿ ಅರ್ಧದಷ್ಟು ಅಕ್ಕೋರಿಗೂ ಗೊತ್ತಿತ್ತು. ಸ್ತ್ರೀಯರ ಸಂಘದ ಅಧ್ಯಕ್ಷೆಯಾಗಿ ಬಟ್ಟೆಯ ತುದಿ ಹಿಡಿದು ನಿಲ್ಲುವವರು ಅವರೇ. ಬಟ್ಟೆಯ ಅಡಿಯಿಂದ ಏಳುವ ಧೂಳೇ ಅವರ ಮೂಗಿಗೆ ಎಲ್ಲ ವರದಿ ಒಪ್ಪಿಸುತ್ತಿತ್ತು: ಇವಳದು ನುಸಿ ಹಿಡಿದದ್ದು, ಅವಳದು ಮುಗ್ಗಿದ್ದು, ಈ ರೇಷ್ಮೆ ಸೀರೆಯವಳದು ರೇಷನ್ ಅಂಗಡಿಯ ತಳದ ಕಸ. ಛಲೋದು ತಮ್ಮ ರೊಟ್ಟಿಗೆ, ಹೊಲಸು ದೇವರಿಗೆ ಎಂದು ಅಕ್ಕೋರು ಮನಸ್ಸಿನಲ್ಲೇ ಉಗಿಯುತ್ತಿದ್ದರು. ಎಲ್ಲರದೂ ಆದ ಮೇಲೆ ಕೊನೆಗೆ ತಮ್ಮ ಚೀಲ ಸುರುವುತ್ತಿದ್ದರು. ಅದು ಸದಾ ಎಲ್ಲರಿಗಿಂತ ತುಂಬಿದ ಚೀಲ. ಒಂಟಿ ಜೀವ, ದಿನಕ್ಕೆ ಒಂದು ರೊಟ್ಟಿ ತಿಂದರೆ ಹೆಚ್ಚು. ಹಾಗಾಗಿ ದಿನಕ್ಕೊಂದು ಹಿಡಿ ಎಂಬ ಗೋಜಿಗೆ ಹೋಗದೆ ಹಿಂದಿನ ದಿನ, ಶನಿವಾರ, ಒಂದೇ ಸಲ ತುಂಬಿಸಿಬಿಡುತ್ತಿದ್ದರು. ಯಾವುದರಿಂದ ತುಂಬಿಸುತ್ತಿದ್ದರು ಎಂದು ಯಾರೂ ಕೇಳಿರಲಿಲ್ಲ.

ಆ ಶನಿವಾರ ಗೋಕುಲ ರಸ್ತೆಯ ಒಳಓಣಿಯ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಅಕ್ಕೋರು ಮಕ್ಕಳ ಪಾಠ ಬರೆಯುತ್ತಿದ್ದರು. ಹಿಂದಿನ ವಾರ ಒಂದು ಹುಡುಗಿ ಎದ್ದು ನಿಂತು, “ದೇವರು ಛಲೋ ಅದಾನ ಅಂದ್ರ ಕೆಟ್ಟದ್ದು ಎಲ್ಲಿಂದ ಬಂತ್ರಿ ಅಕ್ಕೋರ?” ಎಂದು ಕೇಳಿದ್ದಳು. ಅಂಥ ಪ್ರಶ್ನೆಗಳೆಂದರೆ ಅಕ್ಕೋರಿಗೆ ಹಬ್ಬ. ಬಿಳಿ ಹಾಳೆಯ ಮೇಲೆ ಮೊದಲ ಸಾಲು ಆಗಲೇ ದುಂಡಗಿನ ಅಕ್ಷರದಲ್ಲಿ ಬಿದ್ದಿತ್ತು: ಕೆಟ್ಟದ್ದು ಹೊರಗಿನಿಂದ ಬರುವುದಿಲ್ಲ.

ಮನೆಗೆಲಸದ ಗುಲ್ಜಾರಬಿ ಬಾಗಿಲಲ್ಲಿ ಬಂದು ನಿಂತಳು. “ಅಕ್ಕೋರ, ನಾಳಿ ಚೀಲಕ್ಕ ಯಾವ ಜೋಳ ಹಾಕ್ಲಿ?”

“ಡಬ್ಬ್ಯಾಗಿನ ಬಿಳಿಜೋಳ ಮುಟ್ಟಬ್ಯಾಡ. ಅಟ್ಟದ ಮ್ಯಾಲ ಹಳೀದು ಐತಲ್ಲ, ಅದನ್ನ ತುಂಬು.”

ಹಳೆಯದಾದರೂ ಹುಳುವಿಲ್ಲದ ಜೋಳ, ಬೇರೆಯವರಂತೆ ಹೊಲಸು ಕೊಡುವವಳು ನಾನಲ್ಲ ಎಂದುಕೊಂಡು ಅಕ್ಕೋರು ಎರಡನೆಯ ಸಾಲಿಗೆ ಪದ ಹುಡುಕತೊಡಗಿದರು. ಸ್ವಲ್ಪ ಹೊತ್ತಿಗೆ ಗುಲ್ಜಾರಬಿ ಮತ್ತೆ ಬಂದಳು. ಅವಳ ಕೈ ಒದ್ದೆಯಾಗಿತ್ತು.

“ಅಕ್ಕೋರ, ಇದು ಬಣ್ಣ ಬಿಡಾಕತ್ತೈತ್ರಿ. ನೀರು ಕೆಂಪಗ ಆತು. ಒಂಥರಾ ವಾಸನಿನೂ ಐತಿ...”

“ಇನ್ನೆರಡು ಸಲ ತೊಳದು ಒಣಗಸು. ಬರಿಯಾಕತ್ತೇನಿ, ಕಾಣೂದಿಲ್ಲೇನು? ನನ್ನ ತಲಿ ತಿನಬ್ಯಾಡ.”

ಅಕ್ಕೋರು ಕತ್ತೆತ್ತಿ ನೋಡಲೂ ಇಲ್ಲ. ಗುಲ್ಜಾರಬಿ ಹೂಂನ್ರಿ ಎಂದು ಒಳಗೆ ಹೋದಳು. ಮಾಳಿಗೆಯ ಮೇಲೆ ನವೆಂಬರಿನ ಬಿಸಿಲಿಗೆ ಒಣಗಿದ ಜೋಳ ಸಂಜೆಗೆ ಬೆಳ್ಳಗೆ ಚೀಲ ಸೇರಿತು. ಭಾನುವಾರ ಎಲ್ಲರ ಕೊನೆಗೆ ಅಕ್ಕೋರು ಅದನ್ನು ಸುರುವಿ, ಬಟ್ಟೆ ಕೊಡವಿ, ಕೈ ಒರೆಸಿಕೊಂಡರು.

ಬುಧವಾರ ಬೆಳಿಗ್ಗೆ ಆಶ್ರಮ ನೋಡಿಕೊಳ್ಳುವ ಹುಡುಗಿ ಸೌಂದರ್ಯಾಳ ಫೋನು ಬಂತು. ಹಿಂದಿನ ದಿನ ಮಧ್ಯಾಹ್ನ ರೊಟ್ಟಿ ತಿಂದ ನಾಲ್ವರು ಮುದುಕಿಯರಿಗೆ ವಾಂತಿ ಹತ್ತಿ, ಎಲ್ಲರನ್ನೂ ಆಸ್ಪತ್ರೆಗೆ ಸೇರಿಸಿದ್ದಳು. ಬುಧವಾರ ಸಂಜೆಯೊಳಗೆ ಅವರಲ್ಲೊಬ್ಬಳಾದ ರಾಜಬಿ ತೀರಿಕೊಂಡಳು. ಎಪ್ಪತ್ತೆಂಟರ ವಯಸ್ಸಿನಲ್ಲೂ ಇಡೀ ಆಶ್ರಮಕ್ಕೆ ರೊಟ್ಟಿ ಬಡಿದು ಹಾಕುತ್ತಿದ್ದವಳು ಅವಳು. ಜೋಳದಲ್ಲಿ ಔಷಧಿ ಇದೆ, ಬಿತ್ತುವ ಬೀಜಕ್ಕೆ ಹುಳು ಹತ್ತದಂತೆ ಹಚ್ಚುವ ವಿಷ ಅದು ಎಂದರು ಡಾಕ್ಟರು. ಪೊಲೀಸರು ಬಂದು ಎರಡು ಕಿಲೋ ಜೋಳ ಕಟ್ಟಿಕೊಂಡು ಹೋದರು. ಯಾರ ಮನೆಯ ಕಾಳು ಎಂದು ಅವರು ಕೇಳಿದ್ದಕ್ಕೆ ಸೌಂದರ್ಯಾಳ ಹತ್ತಿರ ಉತ್ತರ ಇರಲಿಲ್ಲ.

ಗುರುವಾರ ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ ಹಿರಿಯರ ಸಭೆ ಕೂಡಿತು. ಮೊದಲು ಬಾಯಿ ಬಿಟ್ಟವರು ಹಿರಿಯ ದೇವದಾನಪ್ಪನವರು. “ಎಲ್ಲಾರ ಕಾಳೂ ಒಂದರಾಗ ಕೂಡೈತಿ. ಬಟ್ಟಿ ಮುಚ್ಚಿ ಸುರುವೋದು ನಮ್ಮ ಪದ್ಧತಿ. ಇಂಥಾವರದು ಅಂತ ಹ್ಯಾಂಗ ಹೇಳಾಕ ಬರ್ತೈತಿ? ಪೊಲೀಸರಿಗಿ ಅದನ್ನ ಹೇಳೂನು,” ಎಂದರು. ಅವರ ದನಿಯಲ್ಲಿ ಸತ್ತವಳ ದುಃಖಕ್ಕಿಂತ ಬಟ್ಟೆಯ ಮೇಲಿನ ಪ್ರೀತಿ ಹೆಚ್ಚಾಗಿತ್ತು. ಸಭಾಪಾಲಕರು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. “ನಾವೆಲ್ಲಾರೂ ಪಾಪಿಗಳಽ ಅದೇವಿ. ಒಬ್ಬರ ಕಡೆ ಬೆರಳು ಮಾಡೋದು ಬ್ಯಾಡ. ಬರೋ ಭಾನುವಾರ ಇಡೀ ಸಭೆ ಮೊಣಕಾಲೂರಿ ಕ್ಷಮಾ ಕೇಳೂನು.”

ಕೋಣೆಯ ತುಂಬ ನೆಮ್ಮದಿಯ ಉಸಿರು ಎದ್ದದ್ದು ಅಕ್ಕೋರಿಗೆ ಕೇಳಿಸಿತು.

“ಎಲ್ಲಾರೂ ಮಾಡೇವಿ ಅಂದ್ರ ಯಾರೂ ಮಾಡಿಲ್ಲ ಅಂತ ಆತು, ಪಾಸ್ಟರ,” ಎಂದರು. “ರಾಜಬಿನ್ನ ಇಡೀ ಸಭೆ ಕೂಡಿ ಕೊಂದಿಲ್ಲ. ಒಂದು ಕೈ ಕೊಂದೈತಿ. ಆ ಕೈಗೆ ಒಂದು ಹೆಸರೈತಿ. ಪಾಪ ಅನ್ನೋದನ್ನ ಕಂಬಳಿ ಮಾಡಿ ಎಲ್ಲಾರ ಮ್ಯಾಲೂ ಹೊಚ್ಚಿದ್ರ ಆ ಹೆಸರು ಬೆಚ್ಚಗ ಮಲಗತೈತಿ, ಅಷ್ಟಽ. ನಮ್ಮ ಅಜ್ಜನ ಕಾಲದಾಗ ಹಿಂದಿನ ಬೆಂಚು ಯಾಕ ಇತ್ತು?”

ಹಿಂದಿನ ಬೆಂಚು ಎಂದರೆ ಚಪ್ಪಲಿ ಬಿಡುವ ಜಾಗದ ಪಕ್ಕದ ಗಿಡ್ಡ ಮರದ ಬೆಂಚು. ತಪ್ಪು ಮಾಡಿದವರು ಎದ್ದು ನಿಂತು ತಮ್ಮ ಬಾಯಿಂದ ಅದನ್ನು ಹೇಳುವವರೆಗೆ ಅಲ್ಲಿ ಕೂರಬೇಕು, ಅವರಿಗೆ ಪ್ರಭುಭೋಜನದ ರೊಟ್ಟಿ ಇಲ್ಲ, ಪಾನಪಾತ್ರೆ ಇಲ್ಲ ಎಂಬುದು ಹಳೆಯ ಕಟ್ಟಳೆ. ಈಗ ನಲವತ್ತು ವರ್ಷದಿಂದ ಅದರ ಮೇಲೆ ಕೊಡೆ, ಹೆಲ್ಮೆಟ್ಟು ಕೂರುತ್ತಿದ್ದವು. ತಪ್ಪಿತಸ್ಥೆ ಯಾರೆಂದು ತಾನು ಹುಡುಕಿ ತೆಗೆಯುತ್ತೇನೆ, ಅವಳು ಭಾನುವಾರ ಅಲ್ಲಿ ಕೂರಬೇಕು ಎಂದು ಅಕ್ಕೋರು ಹಟ ಹಿಡಿದರು. ಎಲ್ಲರೂ ಹೌದು ಹೌದು ಎಂದರು. ಒಬ್ಬೊಬ್ಬರೂ ಮತ್ತೊಬ್ಬರನ್ನು ನೆನೆಸಿಕೊಂಡು ಹೌದೆಂದರು. ಆಶ್ರಮದಲ್ಲಿ ಕಾಳಿಲ್ಲ, ಅದೇ ಭಾನುವಾರ ಇನ್ನೊಮ್ಮೆ ಹಿಡಿಕಾಳು ತರಬೇಕು ಎಂಬುದೂ ತೀರ್ಮಾನವಾಯಿತು.

ಶುಕ್ರವಾರ ಬೆಳಿಗ್ಗೆ ಅಕ್ಕೋರು ಗುಲ್ಜಾರಬಿಯನ್ನು ಚರ್ಚಿಗೆ ಕರೆದೊಯ್ದು ಆ ಬೆಂಚನ್ನು ಸೋಪಿನ ನೀರಿನಿಂದ ತಿಕ್ಕಿಸಿದರು.

“ಇಲ್ಲಿ ಯಾರು ಕುಂದ್ರವರ್ರಿ ಅಕ್ಕೋರ?”

“ಮನಷ್ಯಾಳು ಅನ್ನಿಸ್ಕೊಳ್ಳಾಕ ಲಾಯಕ್ಕಿಲ್ಲದಾಕಿ.”

ಗುಲ್ಜಾರಬಿ ಏನನ್ನೋ ಕೇಳಬೇಕೆಂದು ಮುಖ ಎತ್ತಿದಳು. ಅಕ್ಕೋರು ಆಗಲೇ ಆಟೋ ನಿಲ್ಲಿಸುತ್ತಿದ್ದರು.

ಆಸ್ಪತ್ರೆಯಲ್ಲಿ ಶಿವಲಿಂಗವ್ವ ಗೋಡೆಗೆ ಒರಗಿ ಕೂತಿದ್ದಳು. ಆಶ್ರಮದಲ್ಲಿ ರಾಜಬಿಯ ಪಕ್ಕದ ಮಂಚದವಳು. ಹಣೆಯ ವಿಭೂತಿ ಅಳಿಸಿ ಹೋಗಿತ್ತು. “ಆಕಿ ಎರಡು ರೊಟ್ಟಿ ತಿಂದ್ಲು, ನಾ ಅರ್ಧ,” ಎಂದಳು. “ಕಹಿ ಆಗಿದ್ದೂ ಯವ್ವಾ. ರಾಜಬಿಗೂ ಗೊತ್ತಾತು. ‘ದಾನದ ಕಾಳು, ರುಚಿ ಕೇಳಬಾರದು, ತಿನ್ನು’ ಅಂದ್ಲು. ತಿಂದ್ವಿ.” ಆಮೇಲೆ ಸೀರೆಯ ಸೆರಗು ಸುತ್ತಿ ಸುತ್ತಿ ಬಿಚ್ಚುತ್ತ, “ನಿಮ್ಮ ದೇವರು ನೋಡ್ತಿದ್ನಲ್ಲ, ಆಕಿ ಬಾಯಿಗೆ ಇಡೂದನ್ನ. ಯಾಕ ತಡೀಲಿಲ್ಲ ಅಂವ?” ಎಂದು ಕೇಳಿದಳು. ಮಕ್ಕಳಿಗೆ ಕೊಡುವ ಉತ್ತರ ಅಕ್ಕೋರ ನಾಲಿಗೆಯ ತುದಿಯಲ್ಲೇ ಇತ್ತು. ಆ ಮುಖದ ಮುಂದೆ ಅದನ್ನು ಹೇಳಲಾಗಲಿಲ್ಲ. ತಡೆಯಬೇಕಾದವಳು ಕಾಳು ಕೊಟ್ಟ ಹೆಂಗಸೇ, ಅವಳನ್ನು ನಾನು ಬಿಡುವುದಿಲ್ಲ ಎಂದುಕೊಂಡು ಬೈರಿದೇವರಕೊಪ್ಪಕ್ಕೆ ಹೋದರು.

ಆಶ್ರಮದ ಅಂಗಳದಲ್ಲಿ ಚಾಪೆ ಹಾಸಿ, ಮೊರ ಹಿಡಿದು, ಆ ಗೋಣಿಚೀಲದಲ್ಲಿ ಉಳಿದದ್ದನ್ನೆಲ್ಲ ಅಕ್ಕೋರು ಕೇರಲು ಕೂತರು. ಮೊದಲ ಮೊರದಲ್ಲೇ ನುಸಿ ಕಪ್ಪಗೆ ಹರಿದಾಡಿತು. ಎರಡನೆಯದರಲ್ಲಿ ಇಲಿಯ ಹಿಕ್ಕೆ. ಜೇಡರ ಬಲೆಯಂತೆ ಗಂಟುಗಂಟಾಗಿ ಅಂಟಿಕೊಂಡ ಮುಗ್ಗಲು ಕಾಳು, ಒಳಗೆ ಬಿಳಿ ಹುಳು. ಹಲ್ಲಿಯ ಒಣಗಿದ ಬಾಲ. ಒಂದು ಹಿಡಿಯಂತೂ ಯಾರೋ ತಿಂದು ಬಿಟ್ಟ ಅನ್ನ ಒಣಗಿದ್ದು. ಇದನ್ನೆಲ್ಲ ಬಿಳಿ ಬಟ್ಟೆಯ ಅಡಿಯಲ್ಲಿ, ತಲೆಗೆ ಸೆರಗು ಹೊದ್ದು, ಕಣ್ಣು ಮುಚ್ಚಿಕೊಂಡು ಸುರುವಿ ಹೋಗಿದ್ದರು. ಅಕ್ಕೋರು ಮೂಗಿಗೆ ಸೆರಗು ಕಟ್ಟಿಕೊಂಡು ಕೇರಿದರು. ಮೈಮೇಲೆ ಹುಳು ಹರಿದಂತಾಯಿತು. ಆದರೂ ಒಳಗೊಳಗೇ ಒಂದು ಖುಷಿಯಿತ್ತು. ತಾನು ಇಷ್ಟು ವರ್ಷ ಹೇಳಿದ್ದಕ್ಕೆ ಮೊರದ ತುಂಬ ಸಾಕ್ಷಿ ಸಿಕ್ಕಿದ ಖುಷಿ.

ಎಷ್ಟು ಕೇರಿದರೂ ಔಷಧಿಯ ಕಾಳು ಮಾತ್ರ ಸಿಗಲಿಲ್ಲ. ಸೌಂದರ್ಯಾ ಒಳಗಿನಿಂದ ಒಂದು ಡಬ್ಬಿ ತಂದಿಟ್ಟಳು.

“ಅದರಾಗ ಇಲ್ರಿ ಅಕ್ಕೋರ. ಹುಳ ಅದಾವು, ಹೊಲಸೈತಿ, ಆದ್ರ ವಿಷ ಇಲ್ಲ. ವಿಷದ್ದು ಚೀಲದ ಬಾಯಾಗ ಮ್ಯಾಲಿದ್ದದ್ದು ಇದು. ಸೋಮವಾರ ಮ್ಯಾಲಿಂದಽ ತಗದು ಬೀಸಿಸಿದ್ದೆ, ಉಳದದ್ದು ಈ ಡಬ್ಬ್ಯಾಗ ಐತಿ.”

ಅಕ್ಕೋರು ಡಬ್ಬಿಯೊಳಗೆ ಕೈ ಹಾಕಿದರು. ನುಸಿ ಇಲ್ಲ, ಕಲ್ಲಿಲ್ಲ. ಅಂದು ನೋಡಿದ್ದರಲ್ಲೆಲ್ಲ ಇದೇ ಸ್ವಚ್ಛ. ಕನ್ನಡಕ ಏರಿಸಿ ಒಂದು ಕಾಳನ್ನು ಬಿಸಿಲಿಗೆ ಹಿಡಿದರು. ಕಾಳಿನ ಕಣ್ಣಲ್ಲಿ, ನೀರು ಮುಟ್ಟದ ಸಂದಿಯಲ್ಲಿ, ಕೆಂಪು ಬಣ್ಣ ಚುಕ್ಕೆಯಾಗಿ ಉಳಿದಿತ್ತು.

“ಯಾರೋ ತೊಳದಾರ್ರಿ ಇದನ್ನ,” ಎಂದಳು ಸೌಂದರ್ಯಾ. “ಎರಡು ಮೂರು ಸಲ ತೊಳದಾರ. ಚೀಲಕ್ಕ ಕಡೀಕ ಸುರುವೋರು ಯಾರ್ರಿ ಅಕ್ಕೋರ?”

ಅವಳು ಏನೂ ಗೊತ್ತಿಲ್ಲದೆ ಕೇಳಿದ ಮಾತು ಅದು. ಅಕ್ಕೋರು ಮೊರ ಕೆಳಗಿಟ್ಟರು. ‘ಇನ್ನೆರಡು ಸಲ ತೊಳದು ಒಣಗಸು’ ಎಂಬ ತಮ್ಮದೇ ದನಿ, ಬೇಸರದ, ಅವಸರದ ದನಿ, ಕಿವಿಯ ಪಕ್ಕದಲ್ಲೇ ಕೇಳಿಸಿತು. ಎದ್ದು ಅಂಗಳದ ಮೂಲೆಗೆ ಹೋಗಿ ಗೋಡೆ ಹಿಡಿದುಕೊಂಡು ವಾಂತಿ ಮಾಡಿದರು. ಹುಳದ ವಾಸನೆಗೆ ಹೀಗಾಯಿತೆಂದು ಸೌಂದರ್ಯಾ ನೀರು ತಂದುಕೊಟ್ಟಳು. ಅಕ್ಕೋರು ಬಾಯಿ ತೊಳೆದುಕೊಂಡು, “ಕಡೀಕ ಸುರುವೋಕಿ ನಾನಽ,” ಎಂದರು.

ಮನೆಯ ಅಟ್ಟದ ಮೇಲೆ ಎರಡು ಚೀಲಗಳಿದ್ದವು. ಒಂದು ಎರಡು ವರ್ಷದ ಹಿಂದಿನ ಜೋಳ. ಇನ್ನೊಂದನ್ನು ತಂದಿಟ್ಟವನು ಗುಡ್ಡಪ್ಪ, ಹೆಬ್ಬಳ್ಳಿಯಲ್ಲಿರುವ ಅಕ್ಕೋರ ಎರಡೆಕರೆ ಹೊಲವನ್ನು ಪಾಲಿಗೆ ಮಾಡುವ ರೈತ. ‘ಬಿತ್ತಿ ಉಳದದ್ದ್ರಿ, ಔಷಧಿ ಹಚ್ಚಿದ್ದೈತಿ, ಯಾರೂ ಮುಟ್ಟದಂಗ ಇಡ್ರಿ’ ಎಂದು ಅವನು ಹೇಳಿದಾಗ ಅಕ್ಕೋರು ಪೇಪರು ಓದುತ್ತ ಹೂಂ ಎಂದಿದ್ದರು. ಈಗ ಆ ಚೀಲ ಖಾಲಿಯಾಗಿ ಮಡಚಿಕೊಂಡು ಕೂತಿತ್ತು.

“ಎರಡು ಚೀಲ ಇದ್ದೂರಿ,” ಎಂದಳು ಗುಲ್ಜಾರಬಿ. “ಹಳೀದು ಯಾವುದಂತ ಕೇಳಬೇಕಂತ ಬಂದಿದ್ದೆ. ನೀವು ಬರಿಯಾಕತ್ತಿದ್ರಿ.”

“ವಾಸನಿ ಬಂತಂದ್ರ ಹೇಳಬೇಕಾಗಿತ್ತಿಲ್ಲೋ?”

“ಹೇಳಿದ್ನಲ್ರಿ.”



ಶನಿವಾರ ಬೆಳಿಗ್ಗೆ ದೇವದಾನಪ್ಪನವರು ಒಂದು ಹಾಳೆ ಹಿಡಿದು ಬಂದರು. ಸೌಂದರ್ಯಾಳಿಂದ ಸುದ್ದಿ ಹೋಗಿತ್ತು. ಮುಖದಲ್ಲಿ ಇಷ್ಟು ದಿನ ಇಲ್ಲದ ಗೆಲುವು. “ಖರೇ ಹೇಳಬೇಕಂದ್ರ ಅಕ್ಕೋರ, ನಮ್ಮಾಕಿದಽ ಏನೋ ಅಂತ ನನಗ ಎರಡು ದಿನ ನಿದ್ದಿ ಇರಲಿಲ್ಲ,” ಎಂದು ಕುರ್ಚಿಗೆ ಒರಗಿದರು. “ಇದು ಪಾಪ ಅಲ್ರಿ, ಬರೇ ಕೈತಪ್ಪು. ಅದೂ ನಿಮ್ಮದಲ್ಲ. ಕೆಲಸದಾಕಿ, ಓದು ಬರಹ ಇಲ್ಲದಾಕಿ, ತಿಳೀಲಾರದ ಹಾಕ್ಯಾಳ. ಹಂಗಂತ ಇದರಾಗ ಬರದೇನಿ, ಆಕಿ ಹೆಸರು ತುಂಬಿ ಸಹಿ ಮಾಡ್ರಿ. ಪೊಲೀಸರನ್ನ ನಾ ನೋಡ್ಕೋತೇನಿ. ಇದರಾಗ ಒಂದಾದ್ರೂ ಸುಳ್ಳೈತೇನು?”

ಸುಳ್ಳು ಒಂದೂ ಇರಲಿಲ್ಲ. ಅದೇ ಹೇಸಿಗೆ. ಗುಲ್ಜಾರಬಿಯೇ ಚೀಲ ಇಳಿಸಿದ್ದು, ಗುಲ್ಜಾರಬಿಯೇ ತೊಳೆದದ್ದು, ಗುಲ್ಜಾರಬಿಯೇ ತುಂಬಿಸಿದ್ದು. ಹಾಳೆ ಓದುತ್ತಿದ್ದಂತೆ ಅಕ್ಕೋರ ಎದೆಯಲ್ಲಿ ಬೆಚ್ಚಗೆ ಏನೋ ಸಡಿಲವಾಯಿತು, ಜ್ವರ ಬಿಟ್ಟಂತೆ. ಪೆನ್ನು ತೆಗೆದುಕೊಂಡರು. ಹೆಸರಿನ ಜಾಗದಲ್ಲಿ ಅದರ ಮೊನೆ ಇಟ್ಟರು, ಎರಡು ಅಕ್ಷರ ಬರೆದೂಬಿಟ್ಟರು. ಆಗ ಒಳಗಿನಿಂದ ಚಹಾದ ಕಪ್ಪು ತಟ್ಟೆಗೆ ತಾಗಿದ ಸದ್ದಾಯಿತು. ಅಕ್ಕೋರು ಬರೆದ ಎರಡು ಅಕ್ಷರಗಳನ್ನು ನೋಡಿದರು. ಎಷ್ಟು ದುಂಡಗೆ ಬಿದ್ದಿದ್ದವು! ಅವರಿಗೆ ದೇವದಾನಪ್ಪನ ಮೇಲೆ ಅಸಹ್ಯವಾಯಿತು, ಹಾಳೆಯ ಮೇಲಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಆ ಬೆಚ್ಚಗಿನ ಸಡಿಲದ ಮೇಲಾಯಿತು.

“ಎದ್ದು ನಡೀರಿ,” ಎಂದು ಹಾಳೆಯನ್ನು ನಾಲ್ಕು ತುಂಡು ಮಾಡಿದರು. ಅದೇ ಮಧ್ಯಾಹ್ನ ಪೊಲೀಸ್ ಠಾಣೆಗೆ ಹೋಗಿ, ಗುಡ್ಡಪ್ಪ ಹೇಳಿದ್ದು, ತಾವು ಹೂಂ ಅಂದದ್ದು, ಗುಲ್ಜಾರಬಿ ಬಂದು ಕೇಳಿದ್ದು, ತಾವು ಕತ್ತೆತ್ತದೆ ಉತ್ತರ ಕೊಟ್ಟದ್ದು ಎಲ್ಲವನ್ನೂ ಬರೆಸಿ ಸಹಿ ಹಾಕಿದರು. ಬರೆದುಕೊಂಡ ಸಾಹೇಬ ಅವರ ಹಳೆಯ ವಿದ್ಯಾರ್ಥಿ. ಕರೆದಾಗ ಬರಬೇಕಾಗುತ್ತದೆ, ಕೇಸು ಆಗುತ್ತದೆ ಎಂದು ಮುಖ ನೋಡದೆ ಹೇಳಿದ.

ಭಾನುವಾರ ಅಕ್ಕೋರು ಎಲ್ಲರಿಗಿಂತ ಮೊದಲು ಬಂದು ಹಿಂದಿನ ಬೆಂಚಿನ ಮೇಲೆ ಕೂತರು. ಬಂದವರು ಚಪ್ಪಲಿ ಬಿಡುತ್ತ ಅವರನ್ನು ಕಂಡು ಗಾಬರಿಯಾದರು. ಸಭಾಪಾಲಕರು ಓಡಿ ಬಂದು ಬಗ್ಗಿ, “ಮುಂದ ಬರ್ರಿ ಅಕ್ಕೋರ. ನಮ್ಮೊಳಗ ಛಲೋರು ಯಾರದಾರ?” ಎಂದು ಪಿಸುಗುಟ್ಟಿದರು. ಅಕ್ಕೋರು ಎದ್ದು ನಿಂತು ಅಲ್ಲಿಂದಲೇ ಮಾತಾಡಿದರು.

“ರಾಜಬಿನ್ನ ಕೊಂದ ಕಾಳು ನನ್ನದು. ಬಣ್ಣ ಬಿಡಾಕತ್ತೈತಿ ಅಂತ ಗುಲ್ಜಾರಬಿ ಬಂದು ಹೇಳಿದ್ಲು. ನಾ ಪಾಪದ ಮ್ಯಾಲ ಪಾಠ ಬರಿಯಾಕತ್ತಿದ್ದೆ, ಕತ್ತೆತ್ತಲಿಲ್ಲ. ತೊಳದು ಹಾಕು, ತಲಿ ತಿನಬ್ಯಾಡ ಅಂದೆ. ನಾ ತಿನ್ನೋ ಜೋಳ ಆಗಿದ್ರ ಎದ್ದು ಹೋಗಿ ನೋಡ್ತಿದ್ದೆ.” ಹೆಂಗಸರ ಕಡೆ ತಿರುಗಿ ಮುಂದುವರಿಸಿದರು: “ಶುಕ್ರವಾರ ನಿಮ್ಮೆಲ್ಲಾರ ಕಾಳೂ ಕೇರೇನಿ. ಇಲಿ ಹಿಕ್ಕಿ ಇತ್ತು, ಹುಳ ಇತ್ತು, ಎಂಜಲ ಅನ್ನ ಇತ್ತು. ನನ್ನದು ಕೊಂದಿತು. ನಿಮ್ಮದು ಕೊಲ್ಲಲಿಲ್ಲ, ಅಷ್ಟಽ.”

ಸಭಾಪಾಲಕರು ಅವಸರದಲ್ಲಿ ಹಾಡು ಹಿಡಿಸಿದರು. ಮೇಜಿನ ಮುಂದೆ ಗೋಣಿಚೀಲ, ಅದರ ಮೇಲೆ ಬಿಳಿ ಬಟ್ಟೆ. ಹೆಂಗಸರ ಸಾಲು ಎದ್ದಿತು. ಮೊದಲಿಗಿದ್ದವಳು ದೇವದಾನಪ್ಪನವರ ಹೆಂಡತಿ. ಬಟ್ಟೆಯ ಹತ್ತಿರ ಹೋದವಳು ನಿಂತಳು, ತನ್ನ ಚೀಲದ ಬಾಯಿ ಬಿಚ್ಚಿ ಮೂಸಿದಳು, ಹಾಗೆಯೇ ಮಡಚಿಕೊಂಡು ತಿರುಗಿ ಬಂದು ತನ್ನ ಜಾಗದಲ್ಲಿ ಕೂತಳು. ಎರಡನೆಯವಳು ಕೈ ಹಾಕಿ ನೋಡಿ ತಿರುಗಿದಳು. ಮೂರನೆಯವಳು ನೋಡುವ ಗೋಜಿಗೂ ಹೋಗದೆ ತಿರುಗಿದಳು. ಇಪ್ಪತ್ತಾರು ಚೀಲಗಳಲ್ಲಿ ಸುರುವಿದ್ದು ಐದು. ಉಳಿದವೆಲ್ಲ ಬೆಂಚುಗಳ ಕೆಳಗೆ, ಕಾಲಿನ ಸಂದಿಯಲ್ಲಿ ಅಡಗಿದವು. ಆಮೇಲೆ ಇಡೀ ಸಭೆ ಮೊಣಕಾಲೂರಿ, ನಾವೆಲ್ಲರೂ ಪಾಪಿಗಳು ಎಂದು ಒಂದೇ ದನಿಯಲ್ಲಿ ಹೇಳಿತು. ರೊಟ್ಟಿಯ ತಟ್ಟೆ ಬಂದಾಗ ಎಲ್ಲ ಕೈಗಳೂ ಚಾಚಿದವು. ಹಿಂದಿನ ಬೆಂಚಿಗೆ ತಟ್ಟೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಗುಲ್ಜಾರಬಿ ಕೆಲಸದ ಹೊತ್ತಿಗೆ ಸರಿಯಾಗಿ ಬಂದಳು. ಒಳಗೆ ಬರಲಿಲ್ಲ. ಮನೆಯ ಇನ್ನೊಂದು ಕೀಲಿಕೈಯನ್ನು ಕಟ್ಟೆಯ ಮೇಲೆ, ಅಕ್ಕೋರ ಪಾಠದ ಹಾಳೆಗಳ ಪಕ್ಕ ಇಟ್ಟಳು.

“ಯಾಕ ಗುಲ್ಜಾರ? ನಿನಗ ಯಾರೂ ಏನೂ ಅನ್ನೋದಿಲ್ಲ. ನಿನ್ನ ತಪ್ಪಿಲ್ಲ ಅಂತ ಠಾಣ್ಯಾಗ ಬರಿಸೇನಿ. ಚರ್ಚಿನ್ಯಾಗ ಎಲ್ಲಾರ ಮುಂದನೂ ಹೇಳೇನಿ.”

“ಕೇಳಿದೆ ರೀ. ದೇವರು ನಿಮ್ಮನ್ನ ಛಲೋ ಇಡ್ಲಿ,” ಎಂದಳು ಗುಲ್ಜಾರಬಿ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. “ಶನಿವಾರ ಚಹಾ ತರಬೇಕಂತ ಬಾಗಲದಾಗ ನಿಂತಿದ್ದೆ, ಅಕ್ಕೋರ. ಹೆಸರು ತುಂಬ್ರಿ ಅಂದದ್ದು ಕೇಳಿತು. ಓದಾಕ ಬರೂದಿಲ್ಲ ನನಗ. ಪೆನ್ನು ಹಿಡದು ಬರಿಯೋದು ಕಾಣತೈತ್ರಿ.”

ಅವಳು ಮೆಟ್ಟಿಲಿಳಿದು ಓಣಿಯ ಕೊನೆಯವರೆಗೆ ನಡೆದು ಹೋಗುವುದನ್ನು ಅಕ್ಕೋರು ಕತ್ತೆತ್ತಿ ನೋಡುತ್ತ ಕೂತರು.